ನಾಲ್ಕನೆಯ ಹಿಡಿ

ತಂತಿ ಅಕ್ಕನ ಕೈಗೆ ಸಿಗದೆ ಉಳಿದ ತಲೆ ಆ ಊರಿನಲ್ಲಿ ಕಡಿಮೆ. ಮೂರ್ಛೆ ಬಂದವರು, ತಲೆಗೆ ಪೆಟ್ಟು ತಿಂದವರು, ನಿದ್ದೆ ಬಾರದವರು, ನಿದ್ದೆಯಿಂದ ಏಳಲಾರದವರು, ಎಲ್ಲರೂ ಒಂದಲ್ಲ ಒಂದು ದಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಕೋಣೆಗೆ ಬಂದು ಅವಳ ಮುಂದೆ ತಲೆ ಬಗ್ಗಿಸಿದವರೇ. ಅವಳು ಟೇಪು ಹಿಡಿದು ತಲೆ ಅಳೆಯುತ್ತಾಳೆ. ಬಣ್ಣದ ಪೆನ್ಸಿಲಿನಿಂದ ಗುರುತು ಹಾಕುತ್ತಾಳೆ. ಗುರುತಿದ್ದಲ್ಲಿ ಚರ್ಮ ಉಜ್ಜಿ, ಬಿಳಿ ಅಂಟು ಮೆತ್ತಿ, ಇಪ್ಪತ್ತೊಂದು ತಂತಿ ಕೂರಿಸುತ್ತಾಳೆ. ಆಮೇಲೆ ಮಿದುಳು ಒಳಗೊಳಗೇ ಏನು ಮಾಡುತ್ತಿದೆಯೋ ಅದು ಪರದೆಯ ಮೇಲೆ ಗೆರೆಯಾಗಿ ಹರಿಯುತ್ತದೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ಎಂದು ಅಂಟು ತೊಳೆದುಕೊಳ್ಳುತ್ತ ಹೇಳುತ್ತಿದ್ದಳು. "ನನ್ನ ಕೈ ಕೆಸರಾಗಿ ಇಷ್ಟು ವರ್ಷ ಆಯ್ತು, ಮೊಸರು ಮಾತ್ರ ಯಾರ ಮನೇಲೋ ಹೆಪ್ಪಾಗ್ತಿದೆ."

ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಅಷ್ಟು ತಲೆಗಳನ್ನ ಒಳಗಿಂದ ನೋಡಿದ್ಮೇಲೆ ಒಂದೂ ಒಪ್ಪಿಗೆ ಆಗ್ಲಿಲ್ಲ" ಎನ್ನುವಳು. ಅಪ್ಪನ ಜೊತೆಗಿದ್ದಳು.

ಅಪ್ಪನ ಕಸುಬು ಪಿಯಾನೋಗಳ ಶ್ರುತಿ ಸರಿಮಾಡುವುದು. ಶಾಲೆಯದು, ಸಭಾಂಗಣದ್ದು, ಉಳ್ಳವರ ಮನೆಯದು, ಎಲ್ಲ ಪಿಯಾನೋಗಳೂ ಅವನ ಕೈಯಲ್ಲಿ ಪಳಗಿದವು. ಹೆಗಲ ಚೀಲದಲ್ಲಿ ತಂತಿ ಬಿಗಿಯುವ ಕೀಲಿ, ಒಂದು ತಂತಿ ಮಾತಾಡುವಾಗ ಪಕ್ಕದ್ದರ ಬಾಯಿ ಮುಚ್ಚಿಸುವ ರಬ್ಬರ್ ಬೆಣೆಗಳು, ಒಂದು ಉದ್ದನೆಯ ಉಣ್ಣೆಯ ಪಟ್ಟಿ. ನಾಲ್ಕಾರು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಪುಸ್ತಕದವರು ಸ್ವರಗುಚ್ಛ ಎನ್ನುತ್ತಾರೆ. ಅಪ್ಪನ ಬಾಯಲ್ಲಿ ಅದು 'ಒಂದು ಹಿಡಿ'. ಕೆಲಸ ಮುಗಿದ ಮೇಲೆ ಅವನು ಮೂರು ಹಿಡಿ ನುಡಿಸುತ್ತಿದ್ದ. ಕೇಳಿದವರಿಗೆ ನಾಲ್ಕನೆಯದು ಏನೆಂದು ಕಿವಿಯೇ ಹೇಳುತ್ತಿತ್ತು, ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಕಾಲಿಗೇ ಗೊತ್ತಿರುವ ಹಾಗೆ. ಅಲ್ಲಿಗೆ ಅಪ್ಪ ಕೈ ಎತ್ತಿಬಿಡುತ್ತಿದ್ದ. ನಾಲ್ಕನೆಯದು ಮನೆಯವರ ಪಾಲು.

"ಬಡಿಸೋದು ನನ್ನ ಕೆಲಸ, ಉಣ್ಣೋದು ಅವ್ರದ್ದು" ಎನ್ನುತ್ತಿದ್ದ.

ನುಡಿಸಲು ಬಾರದವರು ಒಂದೇ ಬೆರಳಿನಲ್ಲಿ ಏನನ್ನೋ ಒತ್ತುತ್ತಿದ್ದರು. ಎಷ್ಟು ಕೆಟ್ಟದಾಗಿ ಒತ್ತಿದರೂ ಅಪ್ಪ ಹುಬ್ಬು ಅಲುಗಿಸುತ್ತಿರಲಿಲ್ಲ. "ಆಯ್ತು" ಎಂದು ಎದ್ದು, ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ನಾಲ್ಕನೆಯದು ಆದ ಮೇಲೆ ಒಂದು ಲೋಟ ನೀರಿಗೂ ನಿಂತವನಲ್ಲ. ಮುಗಿದ ಮನೆಯಲ್ಲಿ ನಿಲ್ಲಬಾರದು ಎಂಬುದು ಅವನ ಹಟ.

ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ರಿಪೇರಿಗೆ ಬಂದ ಪಿಯಾನೋಗಳು ಅಲ್ಲಿ ಹೊಟ್ಟೆ ತೆರೆದು ನಿಂತಿರುತ್ತಿದ್ದವು. ಅಲ್ಲಿ ಮನೆಯವರು ಎಂದರೆ ಅಮ್ಮ. ಅಪ್ಪ ಮೂರು ಹಿಡಿ ನುಡಿಸಿ ಕೈ ಎತ್ತಿದೊಡನೆ ಅಮ್ಮ ಅಡುಗೆಮನೆಯಿಂದ ಸೌಟಿನ ಹಿಡಿಕೆಯನ್ನು ಪಾತ್ರೆಯ ಅಂಚಿಗೆ ಒಂದು ಸಲ ಬಡಿಯುತ್ತಿದ್ದಳು. ಟಣ್. ಅಪ್ಪ ಮುಚ್ಚಳ ಹಾಕಿ ಊಟಕ್ಕೆ ಬರುತ್ತಿದ್ದ. ಆ ಟಣ್ ಯಾವ ಸ್ವರವೋ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಅಕ್ಕನಿಗೆ ಹದಿನಾಲ್ಕು ತುಂಬಿದ ವರ್ಷ ಅಮ್ಮ ಹೋದಳು. ಅದಾದ ಕೆಲವು ವಾರಕ್ಕೆ ಒಂದು ಮಧ್ಯಾಹ್ನ ಅಪ್ಪ ಮೂರು ಹಿಡಿ ನುಡಿಸಿ ಸುಮ್ಮನೆ ಕೂತಿದ್ದ. ಅಡುಗೆಮನೆ ಸುಮ್ಮನಿತ್ತು. ನೋಡಲಾಗದೆ ಅಕ್ಕ ಹೋಗಿ ಪಕ್ಕದಲ್ಲಿ ನಿಂತು ನಾಲ್ಕನೆಯದನ್ನು ಒತ್ತಿದಳು. ಸಂಗೀತದ ಮಟ್ಟಿಗೆ ಅವಳದು ಕೋಣನ ಮುಂದೆ ಕಿನ್ನರಿ ಬಾರಿಸಿದ ಕಥೆ. ಯಾವ ಹಿಡಿಗೂ ಯಾವ ಹಿಡಿಗೂ ಅವಳಿಗೆ ವ್ಯತ್ಯಾಸ ತಿಳಿಯದು. ಏನು ಒತ್ತಿದಳೋ ಏನೋ, ಊರವರೆಲ್ಲರ ಅಪಸ್ವರ ನುಂಗಿಕೊಂಡ ಅಪ್ಪನ ಮುಖ ಅವಳ ಒಂದು ಹಿಡಿಗೆ ಚುರುಟಿಹೋಯಿತು. "ಇರ್ಲಿ ಬಿಡು ಮಗಳೇ" ಎಂದು ಎದ್ದುಹೋದ. ಅಂದಿನಿಂದ ಅವಳು ಪಿಯಾನೋ ಮುಟ್ಟಲಿಲ್ಲ. ಅಪ್ಪನೂ ಮನೆಯಲ್ಲಿ ಆ ಮೂರು ಹಿಡಿ ನುಡಿಸಲಿಲ್ಲ. ತನ್ನಿಂದಲೇ ನಿಂತಿತು ಎಂಬ ಮುಳ್ಳು ಅಕ್ಕನ ಎದೆಯಲ್ಲಿ ಮೂವತ್ತೇಳು ವರ್ಷ ಇತ್ತು, ಕಿತ್ತರೆ ಎಲ್ಲಿ ರಕ್ತ ಬರುವುದೋ ಎಂದು ಅವಳೂ ಮುಟ್ಟಲು ಹೋಗಲಿಲ್ಲ.

ಅಂಥವಳ ಕೋಣೆಗೇ ಸಂಗೀತ ಬಂದು ಬೀಳಬೇಕೆ? ತಲೆಯ ಡಾಕ್ಟರಮ್ಮ ಹೊಸ ಪರೀಕ್ಷೆಯೊಂದನ್ನು ತಂದಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ಅಕ್ಕನನ್ನು ಕಂಡರೆ ಗೌರವ. ರೋಗಿಯ ಕಿವಿಗೆ ನಾಲ್ಕು ನಾಲ್ಕು ಹಿಡಿಗಳ ಸರಣಿ ಕೇಳಿಸುವುದು. ಕೆಲವು ಸರಣಿ ಕಿವಿ ಬಯಸಿದ ಹಾಗೇ ಮುಗಿಯುತ್ತವೆ. ಕೆಲವಕ್ಕೆ ಕೊನೆಯಲ್ಲಿ ಬೇಕೆಂದೇ ಒಲ್ಲದ ಹಿಡಿ. ಇನ್ನು ಕೆಲವಕ್ಕೆ ಕೊನೆಯದೇ ಇಲ್ಲ, ಮೂರಾದ ಮೇಲೆ ಬರೀ ಮೌನ.

"ಇದರಿಂದ ಏನು ಗೊತ್ತಾಗುತ್ತೆ?" ಎಂದು ಅಕ್ಕ ಕೇಳಿದ್ದಳು.

"ಮಿದುಳು ಸುಮ್ನೆ ಕೇಳಲ್ಲ ಅಕ್ಕ, ಪಣ ಕಟ್ತಾ ಕೂತಿರುತ್ತೆ. ಮುಂದಿನದು ಇದೇ ಅಂತ. ಪೂರ್ತಿ ನಂಬಿಕೊಂಡಿದ್ದಾಗ ಬೇರೇನೋ ಬಂದ್ರೆ ಗೆರೆ ಬೆಚ್ಚಿಬೀಳುತ್ತೆ, ಒಂದೊಂದ್ಸಲ ಅದರಲ್ಲೇ ಖುಷಿ ಪಡುತ್ತೆ. ಏನು ಬರುತ್ತೋ ಅಂತ ಒದ್ದಾಡ್ತಿರುವಾಗ ಸರಿಯಾದದ್ದು ಬಂದ್ರೂ ಖುಷಿ. ಅದಕ್ಕೆ ತಡೆಯೋಕಾಗದೇ ಇರೋದು ಏನೂ ಬರದೇ ಇರೋದು. ಬೆಚ್ಚಿಬೀಳ್ಬೇಕಾದ್ರೆ ಒಳಗೆ ಒಬ್ಬರು ಇರ್ಬೇಕಲ್ಲ? ಮಾತಾಡದೆ, ಕಣ್ಣಾಡಿಸದೆ ಮಲಗಿರೋರ ಒಳಗೆ ಯಾರಾದ್ರೂ ಇದ್ದಾರಾ ಅಂತ ನೋಡೋಕೆ ಇದು."

ಪ್ರತಿ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಅಕ್ಕ ಯಂತ್ರವನ್ನು ತನ್ನ ತಲೆಯ ಮೇಲೇ ಪರೀಕ್ಷಿಸುತ್ತಿದ್ದಳು. ಆ ಕೋಣೆಯ ಪದ್ಧತಿಯೇ ಹಾಗೆ. ಸರಿ ಹಿಡಿ ಬಂದರೂ, ಒಲ್ಲದ ಹಿಡಿ ಬಂದರೂ, ಬರದೇ ಹೋದರೂ ಅವಳ ಗೆರೆ ಊಟವಾದ ಎಮ್ಮೆಯ ಹಾಗೆ ಮಲಗಿರುತ್ತಿತ್ತು. ಡಾಕ್ಟರಮ್ಮ ನಗುತ್ತಿದ್ದಳು: "ಅಕ್ಕ, ನಿಮ್ಮ ತಲೆ ನೋಡಿದ್ರೆ ನಿಮ್ಮನ್ನೂ ವಾರ್ಡಿಗೆ ಹಾಕ್ಬೇಕಾಗುತ್ತೆ."

ಇನ್ನೊಂದು ಪದ್ಧತಿಯೂ ಇತ್ತು. ಕೊನೆಯ ಹಿಡಿ ಬಂದಲ್ಲಿಂದ, ಇಲ್ಲವೇ ಅದು ಬರಬೇಕಿದ್ದ ಹೊತ್ತಿನಿಂದ, ಒಂದು ಸೆಕೆಂಡಿನವರೆಗಿನ ಗೆರೆ ಮಾತ್ರ ಲೆಕ್ಕಕ್ಕೆ, ಪರದೆಯಲ್ಲೂ ಎಲ್ಲರೂ ನೋಡುತ್ತಿದ್ದದ್ದು ಅಷ್ಟನ್ನೇ. ಮುಂದಿನ ಸರಣಿ ಶುರುವಾಗುವ ತನಕ ಉಳಿದ ಹತ್ತು ಹನ್ನೆರಡು ಸೆಕೆಂಡು ಕಸ. ಅಕ್ಕ ಅದನ್ನು ಸಿಪ್ಪೆ ಎನ್ನುತ್ತಿದ್ದಳು. ಸಂಜೆ ಕೂತು ಎಲ್ಲ ರೋಗಿಗಳ ಸಿಪ್ಪೆ ಸುಲಿದು ಅಳಿಸಿಹಾಕುವುದು ಅವಳ ಪಾಲಿನ ಕೆಲಸ, ಮತ್ತು ಅವಳಷ್ಟು ಚೊಕ್ಕವಾಗಿ ಸುಲಿಯುವವರು ಇನ್ನೊಬ್ಬರಿರಲಿಲ್ಲ.

ಎಂಬತ್ತೊಂದನೆಯ ವಯಸ್ಸಿನಲ್ಲಿ ಅಪ್ಪ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಬಚ್ಚಲಿನಲ್ಲಿ ಕುಸಿದ. ಮಿದುಳಿನ ರಕ್ತನಾಳ ಒಡೆದಿತ್ತು. ಜೀವ ಉಳಿಯಿತು. ಉಸಿರು ತಾನೇ ಆಡುತ್ತಿತ್ತು, ಕಣ್ಣು ತೆರೆಯುತ್ತಿತ್ತು, ಆದರೆ ತೆರೆದ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಕೈ ಹಿಚುಕಿದರೆ ಹಿಚುಕಿಸಿಕೊಂಡು ಸುಮ್ಮನಿರುತ್ತಿತ್ತು.

ಆಸ್ಪತ್ರೆಯ ನಿಯಮ ಸರಳ. ತೊಂಬತ್ತನೆಯ ದಿನ ಹಿರಿಯ ಡಾಕ್ಟರುಗಳ ಮಂಡಳಿ ಕೂರುತ್ತದೆ. ಒಳಗೆ ಯಾರೋ ಇದ್ದಾರೆ ಎಂಬ ಒಂದು ಗುರುತು ಸಿಕ್ಕರೆ ರೋಗಿ ಮೂರನೆಯ ಮಹಡಿಯ ಚೇತರಿಕೆ ವಾರ್ಡಿಗೆ. ಸಿಗದಿದ್ದರೆ ಊರಾಚೆಯ ಉದ್ದನೆಯ ಕಟ್ಟಡಕ್ಕೆ. ಅಲ್ಲಿ ಮಲಗಿದವರನ್ನು ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತಾರೆ, ಒರೆಸುತ್ತಾರೆ, ನಳಿಕೆಯಲ್ಲಿ ಆಹಾರ ಬಿಡುತ್ತಾರೆ. ಮಾತಾಡಿಸುವುದಿಲ್ಲ. ಅಲ್ಲಿಗೆ ಹೋದ ಎಷ್ಟೋ ತಲೆಗಳು ಅಕ್ಕನೇ ತಂತಿ ಹಚ್ಚಿ, 'ಏನೂ ಕಾಣಲಿಲ್ಲ' ಎಂದು ಬರೆದು ಕಳಿಸಿದವು. ಈಗ ಅಪ್ಪನ ತಲೆ.

ಅಪ್ಪನ ಬೋಳುತಲೆಗೆ ಅವಳು ಟೇಪು ಹಿಡಿದಳು. ಅಪ್ಪನ ತಲೆಯನ್ನು ಅವಳು ಅದಕ್ಕೆ ಮುಂಚೆ ಮುಟ್ಟಿದ್ದೇ ಇಲ್ಲ.

ಮೊದಲ ಪರೀಕ್ಷೆ. ಸರಿಯಾದ ಹಿಡಿಗೆ ಗೆರೆ ಮಲಗಿತ್ತು. ಒಲ್ಲದ ಹಿಡಿಗೂ ಮಲಗಿತ್ತು. ಮೌನಕ್ಕೂ ಮಲಗಿತ್ತು. ಅಕ್ಕ ಸಿಪ್ಪೆ ಸುಲಿದು ಕಡತ ಮೇಲಕ್ಕೆ ಕಳಿಸಿದಳು. ಎಂಬತ್ತೇಳನೆಯ ದಿನ ಎರಡನೆಯ ಪರೀಕ್ಷೆ. ಹಾಗೆಯೇ.

ಪರೀಕ್ಷೆ ನೋಡಲು ಅವಳ ಅಣ್ಣ ಬಂದಿದ್ದ. ಅಪ್ಪನ ಕಿವಿ ಅವನಿಗೆ ಬಂದಿತ್ತು. ಅಪ್ಪನ ಕಸುಬನ್ನೇ ಬೇರೆ ಪೇಟೆಯಲ್ಲಿ ಮಾಡಿಕೊಂಡಿದ್ದ. ಪರದೆ ನೋಡಿ ಹೊರಗೆ ಬೆಂಚಿನ ಮೇಲೆ ಕೂತು ಹೇಳಿದ: "ನಂಗೆ ಗೆರೆ ಓದೋಕೆ ಬರಲ್ಲ ಕಣೇ. ಆದ್ರೆ ಕೊನೇಲಿ ಆ ದರಿದ್ರ ಹಿಡಿ ಬಂದಾಗ ನನ್ನ ಹಲ್ಲು ಜುಂ ಅಂತು. ಅಪ್ಪ ಹಾಗೇ ಇದ್ದ. ಅಪ್ಪ ಒಳಗಿಲ್ಲ. ನೀನೂ ಒಪ್ಕೊಂಡುಬಿಡು."

"ನೀನು ಹೇಳೋದು ಸರಿ ಇರ್ಬಹುದು" ಎಂದಳು. ಒಪ್ಪಿಕೊಳ್ಳಲು ಆಗಲಿಲ್ಲ. ಅಣ್ಣನನ್ನು ಕಳಿಸಿ ಬಂದು ಸಿಪ್ಪೆ ಸುಲಿಯಲು ಕೂತಳು.

ಸುಲಿಯುವ ಮುಂಚೆ ಅದೇಕೋ ಒಂದು ಸಿಪ್ಪೆ ತೆರೆದು ನೋಡಿದಳು. ಆ ಪರೀಕ್ಷೆ ಬಂದಾಗಿನಿಂದ ಮೊದಲ ಸಲ. ಅಪ್ಪನಿಂದ ಏನನ್ನಾದರೂ ಬಿಸಾಡುವುದು ಎಂದರೆ ಅವತ್ತು ಅವಳಿಗೆ ಜೀವ ಒಪ್ಪಲಿಲ್ಲ, ಅಷ್ಟೇ.

ಅದು ಮೂರು ಹಿಡಿಯಾಗಿ ನಿಂತುಹೋದ ಸರಣಿ. ಮೊದಲ ಸೆಕೆಂಡು ಗೆರೆ ಮಲಗಿತ್ತು. ಎರಡನೆಯ ಸೆಕೆಂಡಿನಲ್ಲಿ ತಲೆ ಎತ್ತಿತು. ನಿಧಾನಕ್ಕೆ, ಸಣ್ಣ ಉರಿಯ ಮೇಲಿಟ್ಟ ಹಾಲಿನ ಹಾಗೆ, ಮೇಲಕ್ಕೆ ಬಂತು. ಬಂದು ಅಲ್ಲೇ ನಿಂತಿತು. ಮುಂದಿನ ಸರಣಿಯ ಮೊದಲ ಹಿಡಿ ಬೀಳುವ ತನಕ ಇಳಿಯಲಿಲ್ಲ.

ಅಕ್ಕನಿಗೆ ಆ ಆಕಾರ ಗೊತ್ತು. ಈಗ ಬರುತ್ತೆ, ಈಗ ಬರುತ್ತೆ ಎಂದು ಮನುಷ್ಯ ಯಾವುದಕ್ಕಾದರೂ ಕಾಯುವಾಗ ಮಿದುಳಿನ ಗೆರೆ ಹಾಗೆ ಏರುತ್ತದೆ. ಬಂದೊಡನೆ ಬೀಳುತ್ತದೆ. ಬಾರದಿದ್ದರೆ ಆರೋಗ್ಯವಂತರ ಮಿದುಳು ಒಂದೆರಡು ಸೆಕೆಂಡು ನೋಡಿ ಬಿಟ್ಟುಕೊಡುತ್ತದೆ. ಇದು ಬಿಟ್ಟುಕೊಟ್ಟಿರಲಿಲ್ಲ. ಎರಡನೆಯ ಸಿಪ್ಪೆ ತೆರೆದಳು. ಮೂರನೆಯದು, ಒಂಬತ್ತನೆಯದು. ಮೌನದಲ್ಲಿ ಮುಗಿದ ಪ್ರತಿ ಸರಣಿಯಲ್ಲೂ ಅದೇ ಏರು, ಅದೇ ನಿಲುವು. ನಾಲ್ಕನೆಯ ಹಿಡಿ ಬಂದಲ್ಲೆಲ್ಲ, ಸರಿಯೋ ತಪ್ಪೋ, ಗೆರೆ ನೆಮ್ಮದಿಯಾಗಿ ಮಲಗಿತ್ತು.

ಬಾಗಿಲ ಆಚೆ ಒಬ್ಬರು ಉಸಿರು ಹಿಡಿದು ನಿಂತಿದ್ದಾರೆ ಎಂದು ಹಠಾತ್ತನೆ ತಿಳಿದರೆ ಹೇಗಾಗುತ್ತದೋ ಹಾಗಾಯಿತು ಅವಳಿಗೆ. ಎದ್ದು ಕೋಣೆಯ ಎರಡನೆಯ ದೀಪವನ್ನೂ ಹಾಕಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ನೆನಪಾಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಂತಾಯಿತು. ಅದಕ್ಕಿಂತ ಕೆಟ್ಟ ಯೋಚನೆ ಆಮೇಲೆ ಬಂತು. ಊರಾಚೆಯ ಕಟ್ಟಡದಲ್ಲಿ ಮಲಗಿರುವ ಎಷ್ಟು ಜನರ ಸಿಪ್ಪೆಯನ್ನು ತಾನು ಹೀಗೆ ಚೊಕ್ಕವಾಗಿ ಸುಲಿದು ಅಳಿಸಿದ್ದೇನೆ?

ಡಾಕ್ಟರಮ್ಮ ನೋಡಿ ಹೇಳಿದಳು: "ಬೆವರು ಅಕ್ಕ. ಚರ್ಮ ಬೆವತರೆ ಗೆರೆ ಹೀಗೇ ತೇಲುತ್ತೆ. ನಿಮಗೆ ನಾನು ಹೇಳಿಕೊಡ್ಬೇಕಾ?"

"ಬೆವರಿಗೆ ಮೂರು ಹಿಡಿ ಎಣಿಸೋಕೆ ಬರುತ್ತಾ?"

ಡಾಕ್ಟರಮ್ಮ ಸಿಪ್ಪೆಗಳನ್ನು ಇನ್ನೊಮ್ಮೆ ಮೊದಲಿಂದ ನೋಡಿದಳು. "ಮಂಡಳಿ ಮುಂದೆ ಹೀಗೆ ಅಂದ್ರೆ ನಡಿಯಲ್ಲ. ಏರಿದ್ದು ಇಳೀಬೇಕು. ಅವರು ಏನಕ್ಕೆ ಕಾಯ್ತಿದ್ದಾರೋ ಅದನ್ನ ಕೊಟ್ಟ ತಕ್ಷಣ ಇಳೀಬೇಕು. ಒಂದಲ್ಲ, ಹತ್ತು ಸಲ. ಆಗ ಅದು ಬೆವರಲ್ಲ, ಮನುಷ್ಯ ಅಂತ ನಾನೇ ಬರೆದುಕೊಡ್ತೀನಿ. ನಾಳಿದ್ದು ಕೊನೇ ಪರೀಕ್ಷೆ."

ಏನಕ್ಕೆ ಕಾಯುತ್ತಿದ್ದಾನೆ ಎಂಬುದು ಅಕ್ಕನಿಗೆ ಗೊತ್ತಿತ್ತು. ಒಲ್ಲದ ಹಿಡಿಗೆ ಯಾಕೆ ಬೆಚ್ಚಲಿಲ್ಲ ಎಂಬುದೂ ಈಗ ತಿಳಿಯಿತು. ನಾಲ್ಕನೆಯದು ಯಾರದೋ ಮನೆಯವರದ್ದು. ಕೆಟ್ಟದಾಗಿದ್ದರೂ ಹುಬ್ಬು ಅಲುಗಿಸಬಾರದು. ಐವತ್ತು ವರ್ಷ ಕಲಿತ ಮರ್ಯಾದೆಯನ್ನು ಮಿದುಳು ಅರ್ಧ ಸತ್ತ ಮೇಲೂ ಬಿಟ್ಟಿರಲಿಲ್ಲ. ಅದನ್ನೇ ಇವರೆಲ್ಲ ಸೇರಿ ಒಳಗೆ ಯಾರೂ ಇಲ್ಲ ಎಂದು ಓದಿದ್ದರು.

ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಹಳೆಯ ಮಾತೂ ಬಾಯಿಗೆ ಬಂತು. "ಊರವರು ಯಾರು ಏನು ನುಡಿಸಿದ್ರೂ ಅಪ್ಪ ಮುಖ ಕೆಡಿಸ್ಕೊಳ್ತಿರ್ಲಿಲ್ಲ ಅಣ್ಣ. ನನ್ನ ಒಂದು ಹಿಡಿಗೆ ಮಾತ್ರ ಹಾಗಾಯ್ತು. ಅಷ್ಟು ಕೆಟ್ಟದಾಗಿತ್ತಾ ನಾನು ಒತ್ತಿದ್ದು?"

ಅಣ್ಣ ಹೇಳಿದ: "ನೀನು ಒತ್ತೋದಕ್ಕೆ ವಾರ ಮುಂಚೆ ನಾನೂ ಒತ್ತಿದ್ದೆ. ಸರಿಯಾಗೇ ಒತ್ತಿದ್ದೆ. ಆಗ್ಲೂ ಅಪ್ಪನ ಮುಖ ಹಾಗೇ ಆಯ್ತು. ಇರ್ಲಿ ಬಿಡು ಮಗನೇ ಅಂದ. ಸ್ವರದ ಮಾತಲ್ಲ ಕಣೇ ಅದು. ಅಮ್ಮನ ಜಾಗದಲ್ಲಿ ಯಾರು ನುಡಿಸಿದ್ರೂ ಅಮ್ಮ ಇಲ್ಲ ಅಂತ ಆಗ್ತಿತ್ತು."

ಅಕ್ಕ ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಮನಸಾರೆ ಅತ್ತಳು. ಮೂವತ್ತೇಳು ವರ್ಷದ ಮುಳ್ಳು ಇಷ್ಟು ಸುಲಭಕ್ಕೆ ಬರುವುದಾಗಿದ್ದರೆ ಮೊದಲೇ ಕೇಳಬಹುದಿತ್ತು. ಕಣ್ಣೊರೆಸಿಕೊಂಡು ಎದ್ದು, ಮೊಳೆಗೆ ತೂಗುಹಾಕಿದ್ದ ಅಮ್ಮನ ಸೌಟನ್ನು ತೆಗೆದು ಕೈಚೀಲದಲ್ಲಿಟ್ಟುಕೊಂಡಳು.

ಎಂಬತ್ತೊಂಬತ್ತನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಇಪ್ಪತ್ತೊಂದು ತಂತಿ ಕೂತವು. ಅಪ್ಪನ ಹಣೆ ಒಣಗಿದೆಯೇ ಎಂದು ಡಾಕ್ಟರಮ್ಮನೇ ಬಟ್ಟೆಯಿಂದ ಒತ್ತಿ ನೋಡಿದಳು. ಅಣ್ಣ ಗೋಡೆಗೊರಗಿ ನಿಂತ. ಅಕ್ಕ ಚೀಲದಿಂದ ಸೌಟು ತೆಗೆದಾಗ ಡಾಕ್ಟರಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಮೂರು ಹಿಡಿ ಬಂದವು. ಮೌನ. ಗೆರೆ ತಲೆ ಎತ್ತಿತು, ಏರಿತು, ನಿಂತಿತು. ಅಪ್ಪನ ತೆರೆದ ಕಣ್ಣು ಛಾವಣಿಯ ಕಡೆಗಿತ್ತು. ಆ ಕಣ್ಣಿಗೂ ಆ ಗೆರೆಗೂ ಸಂಬಂಧವೇ ಇಲ್ಲದ ಹಾಗೆ. ಅಕ್ಕ ಎಡಗೈಯಲ್ಲಿ ಸ್ಟೀಲ್ ಬೋಗುಣಿ ಹಿಡಿದು, ಸೌಟಿನ ಹಿಡಿಕೆಯಿಂದ ಅಂಚಿಗೆ ಒಂದು ಸಲ ಬಡಿದಳು.

ಟಣ್.

ಗೆರೆ ಬಿತ್ತು. ದಾರ ಕತ್ತರಿಸಿದ ಹಾಗೆ, ಸೆಕೆಂಡಿನ ಕಾಲು ಭಾಗದೊಳಗೆ.

ಮುಂದಿನ ಮೌನದಲ್ಲಿ ಗೆರೆ ಮತ್ತೆ ಏರಿತು, ಮತ್ತೆ ಟಣ್, ಮತ್ತೆ ಬಿತ್ತು. ಡಾಕ್ಟರಮ್ಮ ಚಮಚ ಬಡಿದು ನೋಡಿದಳು, ಚಪ್ಪಾಳೆ ತಟ್ಟಿ ನೋಡಿದಳು, ಇಳಿಯಲಿಲ್ಲ. ಸೌಟಿಗೆ ಮಾತ್ರ, ಹತ್ತಕ್ಕೆ ಹತ್ತು ಸಲ. ಅಣ್ಣ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಅಪ್ಪನನ್ನು ಇಲ್ಲ ಎಂದು ಬಾಯಿಬಿಟ್ಟು ಹೇಳಿದ್ದನ್ನು, ಅಪ್ಪನ ಕಿವಿಯಿಂದ ನಾಲ್ಕು ಮಾರು ದೂರದಲ್ಲಿ ಕೂತು ಹೇಳಿದ್ದನ್ನು, ಅವನು ಕೊನೆಯವರೆಗೂ ಮರೆಯಲಿಲ್ಲ.

ಮಂಡಳಿ ಒಪ್ಪಿತು. ಅಪ್ಪ ಮೂರನೆಯ ಮಹಡಿಗೆ ಹೋದ. ಕಿಟಕಿಯ ಪಕ್ಕದ ಹಾಸಿಗೆ, ದಿನಕ್ಕೆರಡು ಸಲ ಕೈಕಾಲು ಆಡಿಸುವವರು, ಹೆಸರು ಹಿಡಿದು ಮಾತಾಡಿಸುವವರು. ಊರಾಚೆಯ ಕಟ್ಟಡದಲ್ಲಿರುವವರನ್ನೆಲ್ಲ ಮತ್ತೆ ಕರೆಸಿ ನೋಡಬೇಕೆಂದು ಡಾಕ್ಟರಮ್ಮ ಪತ್ರ ಬರೆದಳು. ತಂತಿ ಅಕ್ಕನಿಗೆ ಗೆದ್ದೆ ಎನ್ನಿಸಬೇಕಿತ್ತು. ಎರಡು ದಿನ ಹಾಗೇ ಅನ್ನಿಸಿತು ಕೂಡ.

ಮೂರನೆಯ ದಿನ ವಾರ್ಡಿಗೆ ಹೋದಾಗ ಹಾಸಿಗೆಯ ತಲೆದೆಸೆಗೆ ಒಂದು ಚೀಟಿ ಅಂಟಿಸಿದ್ದರು: ದಿನಕ್ಕೆ ಆರು ಸಲ ಮೂರು ಹಿಡಿ ಕೇಳಿಸಿ, ಸೌಟು ಬಡಿಯುವುದು. ಅವರ ಮಟ್ಟಿಗೆ ಅದು ಔಷಧ. ಸೌಟು ದಾರದಲ್ಲಿ ಕಂಬಿಗೆ ಕಟ್ಟಿತ್ತು. ಅದನ್ನು ಕಂಡದ್ದೇ ಅಕ್ಕನಿಗೆ ಹಳೆಯದು ನೆನಪಾಯಿತು. ನಾಲ್ಕನೆಯದು ಆದ ಮೇಲೆ ಅಪ್ಪ ಏನು ಮಾಡುತ್ತಿದ್ದ? ಒಂದು ಲೋಟ ನೀರಿಗೂ ನಿಲ್ಲುತ್ತಿರಲಿಲ್ಲ. ಮುಗಿದ ಮನೆಯಲ್ಲಿ ನಿಲ್ಲಬಾರದು.

ಸೌಟು ಬಡಿದಾಗಲೆಲ್ಲ ವಾರ್ಡಿನವರು ತಮ್ಮ ಸಣ್ಣ ಗಾಲಿಯಂತ್ರದಲ್ಲಿ ಹಿಡಿದಿಟ್ಟ ಗೆರೆಗಳನ್ನು ಒಂದೊಂದಾಗಿ ತೆರೆದಳು. ಎಂಬತ್ತೊಂಬತ್ತನೆಯ ದಿನ ತನ್ನ ಕೋಣೆಯಲ್ಲಿ ಗೆರೆ ಎರಡು ಬೆರಳು ಏರಿದ್ದು ಅವಳಿಗೆ ನೆನಪಿತ್ತು. ವಾರ್ಡಿಗೆ ಬಂದ ಮಾರನೆಯ ದಿನ ಒಂದೂವರೆ. ಇವತ್ತು ಬೆಳಿಗ್ಗೆ ಒಂದು ಬೆರಳೂ ಇಲ್ಲ. ಪ್ರತಿ ಟಣ್‌ಗೂ ಗೆರೆ ಬೀಳುತ್ತಿತ್ತು, ಬಿದ್ದದ್ದು ಮುಂದಿನ ಸಲ ಅಷ್ಟು ಏರುತ್ತಿರಲಿಲ್ಲ.

ಸೌಟು ಬಿಚ್ಚಿಕೊಂಡಳು. "ಇನ್ಮೇಲೆ ಯಾರೂ ಬಡೀಬೇಡಿ" ಎಂದಳು. ಯಾಕೆ ಎಂದು ದಾದಿ ಕೇಳಿದಳು. ನಿಜ ಹೇಳಿದ್ದರೆ ಅಕ್ಕನಿಗೂ ಒಂದು ಹಾಸಿಗೆ ಹಾಕುತ್ತಿದ್ದರು.

ಐದು ದಿನ ಯಾರೂ ಬಡಿಯಲಿಲ್ಲ. ಆರನೆಯ ದಿನ ಬೆಳಿಗ್ಗೆ ರಜೆ ಹಾಕಿ ಬಂದಳು, ಪರದೆ ಎಳೆದಳು, ಅಪ್ಪನ ತಲೆಗೆ ಆರೇ ಆರು ತಂತಿ ಹಚ್ಚಿದಳು. ಫೋನಿನಿಂದ ಮೂರು ಹಿಡಿ ಕೇಳಿಸಿದಳು. ಗೆರೆ ಏರಿತು, ಎರಡು ಬೆರಳಿಗಿಂತ ಮೇಲೆ. ಅಕ್ಕನಿಗೆ ಸಂತೋಷವಾಯಿತು. ಸೌಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಬಡಿಯದಿದ್ದರೆ ಅಪ್ಪ ಇರುತ್ತಾನೆ. ಇಷ್ಟೇ ತಾನೆ? ಬಡಿಯುವುದಿಲ್ಲ.

ಎರಡು ನಿಮಿಷವಾಯಿತು. ಐದಾಯಿತು. ಗೆರೆ ಇಳಿಯಲಿಲ್ಲ. ಏಳನೆಯ ನಿಮಿಷಕ್ಕೆ ಅಪ್ಪನ ಹಣೆಯಲ್ಲಿ ನಿಜವಾಗಿಯೇ ಬೆವರು ಮೂಡಿತು. ಹಾಸಿಗೆಯ ಮೇಲಿದ್ದ ಕೈ, ಮೂರು ತಿಂಗಳಿಂದ ಅಲುಗದ ಕೈ, ಬೆರಳು ಸ್ವಲ್ಪ ಮಡಿಚಿಕೊಂಡು ಗಾಳಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಕೀಲಿಗಳ ಮೇಲಿನಿಂದ ಎತ್ತಿ ಹಿಡಿದ ಕೈ ಅದು. ಅಕ್ಕ ಅದನ್ನು ಚಿಕ್ಕಂದಿನಲ್ಲಿ ಸಾವಿರ ಸಲ ಕಂಡಿದ್ದಳು. ಅದು ನಡುಗುತ್ತಿತ್ತು.

"ಅಪ್ಪಾ," ಎಂದಳು ಮೆಲ್ಲಗೆ, "ಇನ್ನೊಂಚೂರು ಇರೋ."

ಕೈ ಹಾಗೇ ಇತ್ತು. ಹತ್ತನೆಯ ನಿಮಿಷಕ್ಕೆ ಅಕ್ಕನಿಗೆ ತಾನು ಮಾಡುತ್ತಿರುವುದು ಏನೆಂದು ಕಂಡಿತು. ಕೆಲಸ ಮುಗಿಸಿದ ಮುದುಕನನ್ನು ಚೀಲ ಹೆಗಲಿಗೇರಿಸಲು ಬಿಡದೆ ಹೊಸಿಲಿನಲ್ಲಿ ನಿಲ್ಲಿಸಿದ್ದಳು. ಅಮ್ಮ ಹೋದ ಮೇಲೆ ಮೂವತ್ತೇಳು ವರ್ಷ ನಿಂತಿದ್ದನಲ್ಲ, ಅದು ಸಾಲದೆಂದು.

ಬೋಗುಣಿ ಎತ್ತಿಕೊಂಡಳು. ಬಡಿದಳು.

ಟಣ್.

ಗೆರೆ ಬಿತ್ತು. ಕೈ ಹಾಸಿಗೆಯ ಮೇಲೆ ಇಳಿಯಿತು. ಕಾಯಿಸಿದ್ದು ಎಷ್ಟು ಹೊತ್ತೆಂದು ಯಂತ್ರ ತಾನೇ ಮೂಲೆಯಲ್ಲಿ ಬರೆದುಕೊಂಡಿತ್ತು: ಹನ್ನೊಂದು ನಿಮಿಷ ನಾಲ್ಕು ಸೆಕೆಂಡು. ಅಕ್ಕ ತಂತಿ ಬಿಚ್ಚಿ, ಬಿಸಿನೀರಿನ ಬಟ್ಟೆಯಿಂದ ಅಂಟು ಒರೆಸಿ, ಅಪ್ಪನ ಹಣೆ ನೇವರಿಸಿ ಕೂತಳು. ಮಧ್ಯಾಹ್ನದ ಊಟದ ಗಾಡಿ ಬರುವ ಮುಂಚೆ ಅಪ್ಪ ಹೊರಟುಹೋದ. ಹೃದಯ ನಿಂತಿತು, ವಯಸ್ಸಾಗಿತ್ತು ಎಂದು ಡಾಕ್ಟರಮ್ಮ ಬರೆದಳು. ಅದೂ ಸುಳ್ಳಲ್ಲ.

ಹದಿನಾರು ದಿನ ಬಿಟ್ಟು ಅಕ್ಕ ಕೆಲಸಕ್ಕೆ ಬಂದಳು. ಎಂದಿನಂತೆ ಬೀಗ ತೆಗೆದು, ಒಳಗಿನಿಂದ ಅಗಳಿ ಹಾಕಿಕೊಂಡು, ತನ್ನ ತಲೆಗೆ ತಾನೇ ತಂತಿ ಕೂರಿಸಿದ ಟೋಪಿ ಕಟ್ಟಿಕೊಂಡು ಯಂತ್ರ ಪರೀಕ್ಷೆಗೆ ಕೂತಳು. ಮೊದಲು ಸರಿಯಾದ ಸರಣಿ, ಗೆರೆ ಮಲಗಿತ್ತು. ಒಲ್ಲದ ಸರಣಿ, ಮಲಗಿತ್ತು. ಆಮೇಲೆ ಮೂರು ಹಿಡಿ, ಮೌನ.

ಗೆರೆ ಏರಿತು.

ಅಕ್ಕ ತಂತಿ ಒತ್ತಿ ನೋಡಿದಳು. ಹಣೆ ಮುಟ್ಟಿ ನೋಡಿದಳು, ಒಣಗಿತ್ತು. ಇಷ್ಟು ದಿನ ಯಾವ ಸ್ವರಕ್ಕೂ ಮಿಸುಕದ ತನ್ನ ತಲೆ, ನಾಲ್ಕನೆಯ ಹಿಡಿ ಬೇಕೆಂದು ನಿಂತಿತ್ತು. ಹೊಟ್ಟೆಯೊಳಗೆ ಒಂದು ಹಸಿವಿನ ಹಾಗೆ ಅದು ಅವಳಿಗೇ ಗೊತ್ತಾಗುತ್ತಿತ್ತು. ಓಹೋ, ಇದನ್ನೇ ಏನು ಇವರೆಲ್ಲ ಸಂಗೀತ ಅನ್ನುವುದು, ಎಂದುಕೊಂಡಳು. ಮುಂದಿನ ಸರಣಿ ಬರದಂತೆ ಯಂತ್ರವನ್ನು ತಡೆದು, ಗೆರೆ ತಾನಾಗಿ ಇಳಿಯಲೆಂದು ಕಾದಳು. ಇಳಿಯಲಿಲ್ಲ. ಇಳಿ ಎಂದು ಹೇಳಲು ಮನೆಯಲ್ಲಿ ಯಾರು ಉಳಿದಿದ್ದಾರೆ? ಸೌಟು ಮನೆಯಲ್ಲಿ ಮೊಳೆಗೆ ತೂಗುತ್ತಿತ್ತು. ಮನೆಗೆ ಬೀಗ.

ಹೊರಗೆ ಮೊದಲ ರೋಗಿಯ ಗಾಲಿಕುರ್ಚಿ ಬಂದು ನಿಂತ ಸದ್ದಾಯಿತು. ಅಕ್ಕ ಏಳಲಿಲ್ಲ. ಪರದೆ ನೋಡುತ್ತಲೇ ಇದ್ದಳು. ಕೋಣೆಯಲ್ಲಿ ಪಿನ್ನು ಬಿದ್ದರೂ ಕೇಳುವಷ್ಟು ಮೌನ, ಮತ್ತು ಯಾವ ಪಿನ್ನೂ ಬೀಳಲಿಲ್ಲ.

ಗೆರೆ ಬಿತ್ತು.

ದಾರ ಕತ್ತರಿಸಿದ ಹಾಗೆ, ಒಂದೇ ಏಟಿಗೆ. ಹೊಟ್ಟೆಯೊಳಗಿನ ಹಸಿವು ಅದೇ ಕ್ಷಣ ನಿಂತಿತು. ಅಕ್ಕ ತಿರುಗಿ ನೋಡಿದಳು. ಕಪಾಟು, ಮಂಚ, ಕೈ ತೊಳೆಯುವ ತೊಟ್ಟಿ, ಒಳಗಿನಿಂದ ಅಗಳಿ ಹಾಕಿದ ಬಾಗಿಲು. ಯಾರೂ ಇರಲಿಲ್ಲ. ಏನೂ ಕೇಳಿಸಿರಲೂ ಇಲ್ಲ.

ಮತ್ತೆ ಪರದೆಯ ಕಡೆ ತಿರುಗಿದಾಗ ಮೂಲೆಯಲ್ಲಿದ್ದ ಅಂಕಿ ಕಣ್ಣಿಗೆ ಬಿತ್ತು. ಹನ್ನೊಂದು ನಿಮಿಷ ನಾಲ್ಕು ಸೆಕೆಂಡು.

ತಾನು ಕಾಯಿಸಿದಷ್ಟೇ ಅಪ್ಪನೂ ಕಾಯಿಸಿದ್ದ, ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆ ಇಲ್ಲ. ಅಕ್ಕನಿಗೆ ನಗುವೂ ಬಂತು, ಅಳುವೂ ಬಂತು. "ಆಯ್ತು ಅಪ್ಪಾ" ಎಂದಳು ಖಾಲಿ ಕೋಣೆಗೆ. ಆ ಸಿಪ್ಪೆಯನ್ನು ಸುಲಿಯದೆ ಎತ್ತಿಟ್ಟಳು. ಆಮೇಲೆ ಟೋಪಿ ಬಿಚ್ಚಿ, ಕೈ ತೊಳೆದುಕೊಂಡು, ಹೋಗಿ ಬಾಗಿಲು ತೆಗೆದಳು.